ಕಪ್ ನೋಡಿ ಮನೆ ಕೊಳ್ಳಬೇಡಿ, ಏಳನೇ ಕ್ಲಾಸಿನ ಮ್ಯಾಚ್ ನೋಡಿ

ಹೋದ ತಿಂಗಳು ಒಂದು ಗೃಹಪ್ರವೇಶದ ಊಟ. ಪಕ್ಕದಲ್ಲಿ ಕೂತಿದ್ದ ದಾವಣಗೆರೆ ಕಡೆಯ ಹುಡುಗ, ಹುಡುಗ ಅಂದರೆ ಇಬ್ಬರು ಮಕ್ಕಳ ತಂದೆ, ಮೆತ್ತಗೆ ಕೇಳಿದ. "ಅಕ್ಕಾ, ನೀವು ಹೈಸ್ಕೂಲ್ ಫುಟ್‌ಬಾಲ್ ಟೀಮಿನ ಜೊತೆಗೇ ಇರ್ತೀರಲ್ಲ. ನಿಮ್ಮ ಟೀಮು ಇನ್ನೂ ಏಳೆಂಟು ವರ್ಷ ಹೀಗೇ ಗೆಲ್ಲುತ್ತಾ? ದೊಡ್ಡವನು ಈಗ ಐದನೇ ಕ್ಲಾಸು, ಆಟದ ಹುಚ್ಚು ಜಾಸ್ತಿ. ನಿಮ್ಮ ಶಾಲೆಯ ಏರಿಯಾದಲ್ಲೇ ಮನೆ ತಗೊಳ್ಳೋಣ ಅಂತಿದೀವಿ." ಇಲ್ಲಿ ಮನೆ ಯಾವ ಏರಿಯಾದಲ್ಲಿದೆಯೋ ಅದರ ಶಾಲೆಗೇ ಮಕ್ಕಳು ಹೋಗುವುದು. ನನ್ನ ಬಾಯಲ್ಲಿ ಹೋಳಿಗೆ ಇತ್ತು, ಹಾಗಾಗಿ ತಕ್ಷಣ ಉತ್ತರ ಕೊಡುವುದು ತಪ್ಪಿತು. ಆ ಉತ್ತರವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ.

ನಾನು ಡಲ್ಲಾಸ್‌ನ ಉತ್ತರಕ್ಕಿರುವ ಒಂದು ಊರಿನ ಹೈಸ್ಕೂಲಿನಲ್ಲಿ ಅಥ್ಲೆಟಿಕ್ ಟ್ರೇನರ್. ಜಿಮ್‌ನಲ್ಲಿ ತೂಕ ಎತ್ತಿಸುವ ಟ್ರೇನರ್ ಅಲ್ಲ. ಕಾಲು ಉಳುಕಿದರೆ ಟೇಪು ಸುತ್ತುವವಳು, ಬಿಸಿಲಿಗೆ ಕುಸಿದವನನ್ನು ಐಸ್ ನೀರಿನ ತೊಟ್ಟಿಗೆ ಇಳಿಸುವವಳು, ತಲೆಗೆ ಏಟು ಬಿದ್ದವನನ್ನು ಕೈ ಹಿಡಿದು ಬೆಂಚಿನ ಮೇಲೆ ಕೂರಿಸುವವಳು. ಕೋಚ್‌ಗೆ ನನ್ನ ಮೇಲೆ ಸಿಟ್ಟು ಬರುವುದು ಈ ಮೂರನೇ ಕೆಲಸದಲ್ಲಿ. ಇನ್ನು ಫುಟ್‌ಬಾಲ್ ಅಂದರೆ ಮೆಸ್ಸಿ ಆಡುವ ಆಟ ಅಲ್ಲ, ಹೆಲ್ಮೆಟ್ ಹಾಕಿಕೊಂಡು ಮೊಟ್ಟೆಯಾಕಾರದ ಚೆಂಡು ಹಿಡಿದು ಓಡುವ ಅಮೆರಿಕದ ಆಟ. ಟೆಕ್ಸಸ್‌ನಲ್ಲಿ ಶುಕ್ರವಾರ ರಾತ್ರಿ ಅಂದರೆ ಅದೇ.

ಗೆಲ್ಲುತ್ತಿರುವ ಟೀಮು ಮುಂದೆಯೂ ಗೆಲ್ಲುತ್ತದೆ ಅನ್ನುವವರನ್ನು ನಾನು ಮೊದಲು ಡಲ್ಲಾಸ್ ಪಕ್ಕದ ಪ್ಲೇನೋ ಊರಿಗೆ ಕರೆದುಕೊಂಡು ಹೋಗುತ್ತೇನೆ. ಪ್ಲೇನೋ ಸೀನಿಯರ್ ಹೈಸ್ಕೂಲ್ ಏಳು ಸಲ ರಾಜ್ಯ ಚಾಂಪಿಯನ್. ಮೊದಲನೆಯದು 1965ರಲ್ಲಿ, ಕೊನೆಯದು 1994ರಲ್ಲಿ. 1986, 1987 ಎರಡೂ ವರ್ಷ ಸತತ ಗೆದ್ದರು. ಆಗ ಈ ಊರಿನವರಿಗೆ ಇದು ಮುಗಿಯುವ ಕಥೆ ಅಂತ ಹೇಳಿದ್ದರೆ ನಕ್ಕುಬಿಡುತ್ತಿದ್ದರು. ಆಮೇಲೆ ಆಗಿದ್ದೇನು? ಊರು ಬೆಳೆಯಿತು, 1999ರಲ್ಲಿ ಪ್ಲೇನೋ ವೆಸ್ಟ್ ಅನ್ನುವ ಹೊಸ ಶಾಲೆ ಬಂತು, ಇದ್ದ ಹುಡುಗರು ಹಂಚಿಹೋದರು. ಅದಾದ ಮೇಲೆ ಊರಿಗೇ ವಯಸ್ಸಾಯಿತು. ಮನೆಗಳು ಅವೇ, ಮನೆಯವರೂ ಅವರೇ, ಮಕ್ಕಳು ಮಾತ್ರ ದೊಡ್ಡವರಾಗಿ ಬೇರೆ ಕಡೆ ಹೋದರು. ಚಿಕ್ಕ ಮಕ್ಕಳಿರುವ ಸಂಸಾರಕ್ಕೆ ಅಲ್ಲಿನ ಮನೆಯ ಬೆಲೆ ಎಟುಕುವುದಿಲ್ಲ. ಮಕ್ಕಳು ಸಾಲದೆ 2025ರಲ್ಲಿ ಪ್ಲೇನೋದಲ್ಲಿ ನಾಲ್ಕು ಶಾಲೆ ಮುಚ್ಚಿದರು, ಎರಡು ಪ್ರಾಥಮಿಕ, ಎರಡು ಹೈಸ್ಕೂಲಿಗೆ ಮೊದಲಿನ ಮಿಡ್ಲ್ ಸ್ಕೂಲ್. ಕೋಚ್ ಕೆಟ್ಟವನು, ಹುಡುಗರಲ್ಲಿ ಕಿಚ್ಚಿಲ್ಲ ಅಂತ ಕಟ್ಟೆ ಮೇಲೆ ಕೂತು ಮಾತಾಡುವುದು ಸುಲಭ. ಬೇರಿಗೆ ನೀರಿಲ್ಲದಾಗ ಎಲೆಯನ್ನು ಬೈದು ಏನು ಪ್ರಯೋಜನ?

ಪ್ಲೇನೋದಿಂದ ಹೆದ್ದಾರಿ 75 ಹಿಡಿದು ಸ್ವಲ್ಪ ಉತ್ತರಕ್ಕೆ ಹೋದರೆ ಆಲನ್. ಪಕ್ಕದ ಊರಿಗೆ ಏನಾಯಿತು ಅಂತ ಅವರು ಕಣ್ಣಾರೆ ನೋಡಿದ್ದರು. ಊರು ಎಷ್ಟೇ ಬೆಳೆದರೂ ಹೈಸ್ಕೂಲ್ ಒಂದೇ ಇರಲಿ ಅಂತ ಪಟ್ಟು ಹಿಡಿದರು. ಇಡೀ ಊರಿನ ಹುಡುಗರಲ್ಲಿ ಆರಿಸಿದ ಹನ್ನೊಂದು ಜನ, ಯಾರು ತಡೆಯುತ್ತಾರೆ? 2012, 2013, 2014, ಮೂರು ವರ್ಷ ಸತತ ಚಾಂಪಿಯನ್. ಕೈಲರ್ ಮರ್ರಿ ಅನ್ನುವ ಹುಡುಗ ಅಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿ, ಅಂದರೆ ಚೆಂಡು ಎಸೆದು ಆಟ ನಡೆಸುವವನಾಗಿ, ಶುರು ಮಾಡಿದ 42 ಮ್ಯಾಚನ್ನೂ ಗೆದ್ದ. ಒಂದೂ ಸೋಲಲಿಲ್ಲ. 2019ರಲ್ಲಿ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನ ಹೊಸ ಆಟಗಾರರ ಆಯ್ಕೆಯಲ್ಲಿ ಮೊದಲ ಹೆಸರು ಅವನದೇ.

ಆಲನ್ ಸ್ಟೇಡಿಯಂ ಕಥೆ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ಸುಮಾರು 6 ಕೋಟಿ ಡಾಲರ್, 18,000 ಸೀಟು, 2012ರಲ್ಲಿ ಬಾಗಿಲು ತೆರೆಯಿತು. ಹೌದು, ಹೈಸ್ಕೂಲಿಗೆ. ಊರಿನ ಜನರೇ ಮತ ಹಾಕಿ ದುಡ್ಡು ಒಪ್ಪಿದ್ದು. ಎರಡೇ ವರ್ಷಕ್ಕೆ ಕಾಂಕ್ರೀಟಿನಲ್ಲಿ ಬಿರುಕು ಬಿಟ್ಟು 2014ರಲ್ಲಿ ಬೀಗ ಹಾಕಿದರು. ಆ ವರ್ಷ ಪೂರ್ತಿ ಅವರಿಗೆ ಸ್ವಂತ ಮೈದಾನ ಇಲ್ಲ, ಆಡಿದ್ದೆಲ್ಲ ಪರಸ್ಥಳದಲ್ಲಿ. ಆದರೂ ಕಪ್ ಅವರದೇ. ಹೊಸ ಸ್ಟೇಡಿಯಂ ಕಟ್ಟಿಸಿದರೆ ಟೀಮು ತಾನಾಗಿ ಮೇಲೇಳುತ್ತದೆ ಅನ್ನುವ, ಟೀಮಿಗೆ ದುಡ್ಡು ಕೂಡಿಸುವ ಬೂಸ್ಟರ್ ಕ್ಲಬ್ಬಿನವರಿಗೆ ನಾನು ಈ ಒಂದು ವರ್ಷವನ್ನು ನೆನಪಿಸುತ್ತಿರುತ್ತೇನೆ.

ಆಲನ್‌ನ ಸತತ 57 ಗೆಲುವಿನ ಸರಣಿ 2015ರ ಸೆಮಿಫೈನಲ್‌ನಲ್ಲಿ ಮುರಿಯಿತು. 2017ರಲ್ಲಿ ಇನ್ನೊಂದು ಕಪ್ ಬಂತು. ಅದಾದ ಮೇಲೆ 2024ರವರೆಗೆ ಇಲ್ಲ. ಟೀಮು ಈಗಲೂ ಒಳ್ಳೆಯದೇ. ಆದರೆ ಆ ಊರಿನಲ್ಲಿ ಹೊಸ ಮನೆ ಕಟ್ಟಲು ಖಾಲಿ ಜಾಗ ಅಷ್ಟಾಗಿ ಉಳಿದಿಲ್ಲ. ಕಟ್ಟುವವರು ಪ್ರಾಸ್ಪರ್, ಸಲೈನಾ ಕಡೆ ಹೋಗಿದ್ದಾರೆ. ಸಲೈನಾ 2023ರ ಜನಗಣತಿ ಇಲಾಖೆಯ ಲೆಕ್ಕದಲ್ಲಿ ಇಪ್ಪತ್ತು ಸಾವಿರಕ್ಕೆ ಕಮ್ಮಿಯಿಲ್ಲದ ಜನಸಂಖ್ಯೆಯ ಊರುಗಳ ಪೈಕಿ ಇಡೀ ಅಮೆರಿಕದಲ್ಲೇ ಅತಿ ವೇಗವಾಗಿ ಬೆಳೆದದ್ದು, ಒಂದೇ ವರ್ಷದಲ್ಲಿ ಶೇ. 26ಕ್ಕೂ ಜಾಸ್ತಿ. 2024ರಲ್ಲಿ ಅವರ ಶಾಲೆ ತನ್ನ ವರ್ಗದಲ್ಲಿ ಚಾಂಪಿಯನ್ ಕೂಡ ಆಯಿತು.

ಹಾಗಾದರೆ ಸಲೈನಾದಲ್ಲೇ ಮನೆ ತಗೊಂಡುಬಿಡೋಣ್ವಾ? ತಾಳಿ. ಅಲ್ಲೊಂದು ಗುದ್ದು ಕಾದಿದೆ. ಇಲ್ಲಿ ಶಾಲೆಗಳ ಆಟ ನಡೆಸುವುದು ಯುಐಎಲ್ ಅನ್ನುವ ಸಂಸ್ಥೆ. ಎರಡು ವರ್ಷಕ್ಕೊಮ್ಮೆ ಮಕ್ಕಳ ತಲೆ ಎಣಿಸಿ ಶಾಲೆಗಳನ್ನು ವರ್ಗ ಮಾಡುತ್ತಾರೆ. ಎಲ್ಲಕ್ಕಿಂತ ದೊಡ್ಡ 6ಎ ವರ್ಗಕ್ಕೆ 2,200ಕ್ಕೂ ಮೇಲೆ ಮಕ್ಕಳಿರಬೇಕು. ಬೆಳೆಯುವ ಊರಿನ ಶಾಲೆ ಹೀಗೆ ಮೆಟ್ಟಿಲು ಹತ್ತುತ್ತಾ ಹೋದಂತೆ ಎದುರಾಳಿಗಳೂ ದೊಡ್ಡವರಾಗುತ್ತಾರೆ. ಚಿಕ್ಕ ಕೆರೆಯಲ್ಲಿ ದೊಡ್ಡ ಮೀನಾಗಿದ್ದವರು ಹೊಳೆಗೆ ಬಿದ್ದ ಹಾಗೆ. ಅಷ್ಟರಲ್ಲಿ ಶಾಲೆ ತುಂಬಿ ತುಳುಕಿ ಎರಡನೇ ಹೈಸ್ಕೂಲ್ ಬರುತ್ತದೆ, ಟೀಮು ಅರ್ಧ ಆಗುತ್ತದೆ. ಪ್ರಾಸ್ಪರ್‌ನಲ್ಲಿ 2020, 2023, 2025ರಲ್ಲಿ ಒಂದೊಂದು ಹೊಸ ಹೈಸ್ಕೂಲ್ ತೆರೆದಿದ್ದಾರೆ. ಫ್ರಿಸ್ಕೊ ಮೊದಲಿನಿಂದಲೂ ಬೇರೆ ದಾರಿ ಹಿಡಿಯಿತು. ದೊಡ್ಡ ಶಾಲೆ ಒಂದಕ್ಕಿಂತ ಸಣ್ಣವು ಹಲವಿದ್ದರೆ ಹೆಚ್ಚು ಮಕ್ಕಳಿಗೆ ಆಡಲು ಜಾಗ ಸಿಗುತ್ತದೆ ಅಂತ, ಈಗ ಅಲ್ಲಿ ಹನ್ನೆರಡು ಹೈಸ್ಕೂಲ್. ಆಲನ್ ಥರದ ಒಂದು ಸಾಮ್ರಾಜ್ಯ ಅಲ್ಲಿ ಹುಟ್ಟಲಿಲ್ಲ. ಮಗ ನನ್ನವನಾಗಿದ್ದರೆ ನಾನು ಫ್ರಿಸ್ಕೊ ಲೆಕ್ಕವನ್ನೇ ಒಪ್ಪುತ್ತಿದ್ದೆ. ಆಲನ್‌ನಂಥ ಶಾಲೆಯಲ್ಲಿ ನಿಮ್ಮ ಮಗ ಮೂರು ವರ್ಷ ನೀರಿನ ಬಾಟಲಿ ಹಿಡಿದು ನಿಂತುಕೊಳ್ಳುವ ಸಂಭವ ಜಾಸ್ತಿ.

ಹೊಸ ಶಾಲೆ ಹುಡುಗರನ್ನು ಮಾತ್ರ ಕೊಂಡೊಯ್ಯುವುದಿಲ್ಲ. ಹೊಸ ಹೈಸ್ಕೂಲ್ ತೆರೆದಾಗಲೆಲ್ಲ ಒಬ್ಬ ಹೆಡ್ ಕೋಚ್ ಬೇಕು. ಎಲ್ಲಿಂದ ತರುತ್ತಾರೆ? ಗೆಲ್ಲುವ ಟೀಮಿನ ಸಹಾಯಕ ಕೋಚ್‌ಗಳಿಂದಲೇ ತಾನೇ. ಪೇಪರಿನವರು ಹೆಡ್ ಕೋಚ್ ಹೆಸರು ಬರೆಯುತ್ತಾರೆ. ಹುಡುಗರನ್ನು ತಿದ್ದುವುದು ಎದುರಾಳಿಯನ್ನು ತಡೆಯುವ ಮುಂದಿನ ಸಾಲಿಗೆ ಕಲಿಸುವ ಲೈನ್ ಕೋಚ್, ಮಿಡ್ಲ್ ಸ್ಕೂಲಿನಲ್ಲಿ ಬೆಳಿಗ್ಗೆ ಸಮಾಜ ಪಾಠ ಮಾಡಿ ಸಂಜೆ ಸೀಟಿ ಊದುವ ಮೇಷ್ಟ್ರು. ನಮ್ಮಲ್ಲಿ ಒಂದೇ ಬೇಸಿಗೆಯಲ್ಲಿ ಅಂಥ ಇಬ್ಬರು ಹೊರಟುಹೋದರು. ಮುಂದಿನ ಸೀಸನ್ ಸ್ಕೋರ್‌ಬೋರ್ಡಿನಲ್ಲಿ ಏನೂ ಕಾಣಲಿಲ್ಲ, ಗೆಲ್ಲುತ್ತಲೇ ಇದ್ದೆವು. ನನಗೆ ಮಾತ್ರ ಕಂಡಿತು. ತಲೆ ತಗ್ಗಿಸಿ ಹೆಲ್ಮೆಟ್ಟಿನಿಂದ ಗುದ್ದುವ ಒಂಬತ್ತನೇ ಕ್ಲಾಸಿನ ಹುಡುಗರು ನನ್ನ ಕೋಣೆಗೆ ಜಾಸ್ತಿ ಬರತೊಡಗಿದರು. ಭುಜದಿಂದ ತಡೆ, ತಲೆ ಮೇಲೆತ್ತು ಅಂತ ದಿನಾ ಹೇಳಿಕೊಡುತ್ತಿದ್ದವರು ಇರಲಿಲ್ಲ.

ನನ್ನ ಕೋಣೆಯ ಮಾತು ಬಂತಲ್ಲ, ಸ್ವಲ್ಪ ಅಲ್ಲೇ ನಿಲ್ಲುತ್ತೇನೆ.

ನಿಯಮಿತ ಸೀಸನ್‌ನಲ್ಲಿ ಹತ್ತು ಮ್ಯಾಚು. ಗೆಲ್ಲುತ್ತಾ ಹೋದರೆ, ಸೋತವರು ಹೊರಬೀಳುವ ಪ್ಲೇಆಫ್‌ನಲ್ಲಿ ಇನ್ನೂ ಆರು, ಡಿಸೆಂಬರಿನಲ್ಲಿ ಆರ್ಲಿಂಗ್ಟನ್ ಊರಿನಲ್ಲಿ ನಡೆಯುವ ರಾಜ್ಯ ಫೈನಲ್ ಸೇರಿ. ಒಟ್ಟು ಹದಿನಾರು. ಕಾಲೇಜಿನವರ ನಿಯಮಿತ ಸೀಸನ್ನೇ ಹನ್ನೆರಡು ಮ್ಯಾಚು, ಇವರೋ ಹದಿನಾರು ಹದಿನೇಳರ ಹುಡುಗರು, ಮೂಳೆ ಇನ್ನೂ ಬೆಳೆಯುತ್ತಿರುತ್ತದೆ. ಗೆಲುವಿನ ಈ ಬಾಡಿಗೆಯನ್ನು ಮುಂದಿನ ವರ್ಷ ಕಟ್ಟುವುದು. ನವೆಂಬರ್ ಕೊನೆಯಲ್ಲಿ ಮಂಡಿಯ ಲಿಗಮೆಂಟ್ ಹರಿದುಕೊಂಡವನಿಗೆ ಆಪರೇಷನ್ ಆಗಿ ಮೈದಾನಕ್ಕೆ ಮರಳಲು ಒಂಬತ್ತು ತಿಂಗಳಾದರೂ ಬೇಕು. ಲೆಕ್ಕ ಹಾಕಿ, ಮುಂದಿನ ಸೀಸನ್ ಶುರುವಾಗಿಯೇ ಬಿಟ್ಟಿರುತ್ತದೆ.

ಕಾನೂನುಗಳು ಮೊದಲಿಗಿಂತ ಎಷ್ಟೋ ವಾಸಿ. ಮೈಗೆ ಮೈ ತಾಗಿಸಿ ಪೂರ್ತಿ ಗುದ್ದಾಡುವ ಅಭ್ಯಾಸ ಒಬ್ಬ ಹುಡುಗನಿಗೆ ವಾರಕ್ಕೆ 90 ನಿಮಿಷ ಮೀರುವಂತಿಲ್ಲ. ತಲೆಗೆ ಏಟಾದ ಅನುಮಾನ ಬಂದರೆ ಅವತ್ತು ಆಟ ಮುಗಿಯಿತು, ಡಾಕ್ಟರ್ ಬರೆದುಕೊಡದೆ ವಾಪಸ್ ಇಲ್ಲ. ಟೆಕ್ಸಸ್‌ನಲ್ಲಿ ಇದು 2011ರಿಂದ ಕಾನೂನು. ಆಗಸ್ಟ್ ಬಿಸಿಲಿನಲ್ಲಿ ಮೊದಲ ದಿನಗಳು ಬರೀ ಹೆಲ್ಮೆಟ್, ಆಮೇಲೆ ಭುಜದ ಪ್ಯಾಡ್, ಅದಾದ ಮೇಲೆ ಪೂರ್ತಿ ಪ್ಯಾಡ್.

ಆದರೆ ಕಾನೂನು ಕೆಲಸ ಮಾಡುವುದು ಹುಡುಗ ಬಾಯಿ ಬಿಟ್ಟರೆ. ಒಂದು ಟೀಮಿನ ಮುಂದಿನ ಐದು ವರ್ಷ ಹೇಗಿರುತ್ತದೆ ಅಂತ ನನ್ನನ್ನು ಕೇಳಿದರೆ ನಾನು ಮೊದಲು ನೋಡುವುದು ಇದನ್ನೇ. ಬೆಳಿಗ್ಗೆ ಆರೂವರೆಗೆ ನನ್ನ ಕೋಣೆಯ ಮುಂದೆ ಯಾರು ನಿಂತಿದ್ದಾರೆ? ಜೂನಿಯರ್ ಟೀಮಿನ ಹುಡುಗರು ಸಣ್ಣ ಪುಟ್ಟ ನೋವು ಹೇಳಿಕೊಂಡು ಬರುತ್ತಿದ್ದರೆ ಟೀಮು ಗಟ್ಟಿಯಾಗಿದೆ. ಎರಡು ದಿನ ಕೂತರೆ ಜಾಗ ಹೋಗುವುದಿಲ್ಲ ಅನ್ನುವ ನಂಬಿಕೆ ಅವರಿಗಿದೆ, ಅವರ ಹಿಂದೆ ಇನ್ನೊಬ್ಬ ತಯಾರಾಗಿದ್ದಾನೆ ಅನ್ನುವುದು ಕೋಚ್‌ಗೂ ಗೊತ್ತಿದೆ. ಕೋಣೆ ಖಾಲಿ ಇದ್ದರೆ ಹೊಸಬರು "ವಾವ್, ಎಲ್ಲರೂ ಫಿಟ್" ಅನ್ನುತ್ತಾರೆ. ನನಗೆ ಹೊಟ್ಟೆಯಲ್ಲಿ ಸಂಕಟ ಶುರುವಾಗುತ್ತದೆ. ಮುಚ್ಚಿಡುತ್ತಿದ್ದಾರೆ ಅಂತ ಅರ್ಥ. ಒಂದು ವರ್ಷ ಹೀಗೇ ಆಯಿತು. ಒಬ್ಬ ಲೈನ್‌ಮನ್ ಮೂರು ವಾರ ಪಾದದ ನೋವು ನುಂಗಿಕೊಂಡು ಆಡಿದ. ನಾನು ನೋಡಿದಾಗ ಅವನಿಗೆ ಸಾಕ್ಸ್ ಬಿಚ್ಚಲು ಆಗುತ್ತಿರಲಿಲ್ಲ. ಎಕ್ಸ್‌ರೇಯಲ್ಲಿ ಮೂಳೆ ಬಿರುಕು. "ಹೇಳಿದ್ದರೆ ನಮಗೆ ಬೇರೆ ಯಾರೂ ಇರಲಿಲ್ಲ ಮ್ಯಾಮ್" ಅಂದ. ಅವನು ಹೇಳಿದ್ದು ನಿಜವೇ. ಅವನ ಜಾಗಕ್ಕೆ ಬೇರೆ ಯಾರೂ ಇರಲಿಲ್ಲ. ಆ ವರ್ಷ ನಾವು ನಮ್ಮ ಡಿಸ್ಟ್ರಿಕ್ಟಿನಲ್ಲಿ, ಅಂದರೆ ನಮ್ಮ ಶಾಲೆಗಳ ಗುಂಪಿನಲ್ಲಿ, ಮೊದಲಿಗರು, ಫೋಟೋ ಈಗಲೂ ಗೋಡೆಯ ಮೇಲಿದೆ.

ದುಡ್ಡಿನ ವಿಷಯ ಬೇಗ ಮುಗಿಸುತ್ತೇನೆ, ಯಾಕೆಂದರೆ ಇದು ವರ್ಷ ವರ್ಷವೂ ಬದಲಾಗುತ್ತಿದೆ. ಟೆಕ್ಸಸ್‌ನಲ್ಲಿ ಹೈಸ್ಕೂಲ್ ಆಟಗಾರ ತನ್ನ ಹೆಸರು, ಮುಖ ಬಳಸಿ ಜಾಹೀರಾತಿನಿಂದ ಸಂಪಾದಿಸುವಂತಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಸಂಪಾದಿಸಬಹುದು. ಇಲ್ಲಿನ, ಟೆಕ್ಸಸ್‌ನ ಸೌತ್‌ಲೇಕ್ ಕ್ಯಾರಲ್ ಶಾಲೆಯ ಕ್ವಿನ್ ಯೂವರ್ಸ್ ಟೀಮನ್ನು ರಾಜ್ಯ ಫೈನಲ್‌ವರೆಗೆ ತಂದ ಹುಡುಗ. 2021ರ ಆಗಸ್ಟಿನಲ್ಲಿ, ಸೀಸನ್ ಶುರುವಾಗುವ ಹೊತ್ತಿಗೆ, ಕೊನೆಯ ವರ್ಷವನ್ನೇ ಬಿಟ್ಟು ನೇರ ಒಹಾಯೊ ಸ್ಟೇಟ್ ಕಾಲೇಜಿಗೆ ಹೋದ. ಅವನ ತಪ್ಪೇನಿಲ್ಲ, ಕಾಲೇಜಿನಲ್ಲಿ ಆ ಸಂಪಾದನೆಗೆ ತಡೆ ಇರಲಿಲ್ಲ, ಎದುರಿಗಿದ್ದ ದುಡ್ಡು ದೊಡ್ಡದು. ಕೋಚ್‌ಗೆ ಮಾತ್ರ ಬೆಳೆ ಕೊಯ್ಲಿಗೆ ಬಂದಾಗ ಆಲಿಕಲ್ಲು ಬಿದ್ದ ಹಾಗೆ. ಇನ್ನೊಂದು ಕಡೆ ಕಾಲೇಜುಗಳು ಈಗ ಬೇರೆ ಕಾಲೇಜಿನಿಂದ ಪಳಗಿದ ಆಟಗಾರರನ್ನೇ ಕರೆತರುತ್ತವೆ. 2025ರ ಕೋರ್ಟ್ ಒಪ್ಪಂದದ ಪ್ರಕಾರ ದೊಡ್ಡ ಕಾಲೇಜುಗಳು ಆಟಗಾರರಿಗೆ ನೇರವಾಗಿ ದುಡ್ಡು ಕೊಡಬಹುದು, ಆದರೆ ಟೀಮಿನಲ್ಲಿ 105 ಜನಕ್ಕಿಂತ ಜಾಸ್ತಿ ಇರುವಂತಿಲ್ಲ. ಹದಿನೆಂಟರ ಹುಡುಗನಿಗೆ ಬಾಗಿಲು ಕಿರಿದಾಯಿತು. ಸ್ಕಾಲರ್‌ಶಿಪ್ ಸಿಗುತ್ತದೆ ಅಂತ ಮಗನನ್ನು ಈ ಆಟಕ್ಕೆ ಹಾಕುವವರು ಇದನ್ನು ಎರಡು ಸಲ ಓದಿ.

ದೇಶದ ಲೆಕ್ಕವೂ ಇದೆ. 2008-09ರಲ್ಲಿ ಹೈಸ್ಕೂಲಿನಲ್ಲಿ ಹನ್ನೊಂದು ಜನರ ಫುಟ್‌ಬಾಲ್ ಆಡುವ ಹುಡುಗರ ಸಂಖ್ಯೆ 11 ಲಕ್ಷ ದಾಟಿತ್ತು. ಈಗ 10 ಲಕ್ಷದ ಆಚೀಚೆ. ತಲೆ ಏಟಿನ ಭಯ ಒಂದು ಕಾರಣ, ಒಂದೇ ಅಲ್ಲ. ನಮ್ಮವರನ್ನೇ ನೋಡಿ. ಈ ಕಡೆಯ ಊರುಗಳಿಗೆ ಎಷ್ಟು ಕನ್ನಡದ ಮನೆಗಳು ಬಂದಿವೆ! ಮಕ್ಕಳು ಶುಕ್ರವಾರ ಸ್ಟೇಡಿಯಂಗೆ ಬರುತ್ತಾರೆ, ಹೆಚ್ಚಿನವರು ಬ್ಯಾಂಡಿನಲ್ಲಿ. ಮಕ್ಕಳು ಕ್ಲಾರಿನೆಟ್ ಊದಿ ಹಾಫ್‌ಟೈಮ್ ಮುಗಿದ ಕೂಡಲೇ ಕಂಬಳಿ ಮಡಚಿಕೊಂಡು ಪಾರ್ಕಿಂಗ್ ಕಡೆ ನಡೆಯುವ ಅಪ್ಪ ಅಮ್ಮಂದಿರಲ್ಲಿ ನಮ್ಮವರು ಎಷ್ಟು ಅಂತ ನಾನು ದೂರದಿಂದಲೇ ಗುರುತು ಹಿಡಿಯುತ್ತೇನೆ. ಬೇಜಾರಿಲ್ಲ, ನನ್ನ ಅಮ್ಮನೂ ಹಾಗೇ ಮಾಡುತ್ತಿದ್ದಳು. ಆದರೆ ಶಾಲೆಯಲ್ಲಿ ಮೂರು ಸಾವಿರ ಮಕ್ಕಳಿದ್ದಾರೆ ಅಂದರೆ ಮೂರು ಸಾವಿರ ಮಕ್ಕಳೂ ಈ ಆಟಕ್ಕೆ ಬರುತ್ತಾರೆ ಅಂತಲ್ಲ.

ದಾವಣಗೆರೆ ಹುಡುಗನಿಗೆ ಇಷ್ಟೆಲ್ಲ ಹೇಳುವ ಬದಲು ಒಂದು ಗುರುವಾರ ಸಂಜೆ ನಮ್ಮ ಮಿಡ್ಲ್ ಸ್ಕೂಲಿನ ಮೈದಾನಕ್ಕೆ ಕರೆದೆ. ಏಳನೇ ಕ್ಲಾಸಿನ ಮ್ಯಾಚು. ಟಿಕೆಟ್ಟಿಗೆ ಜಗಳ ಇಲ್ಲ, ದೊಡ್ಡ ಪರದೆ ಇಲ್ಲ, ಹತ್ತಿಪ್ಪತ್ತು ಜನ ಮಡಚುವ ಕುರ್ಚಿ ತಂದು ಕೂತಿದ್ದರು. ಈ ಹುಡುಗರೇ ಐದು ವರ್ಷದ ನಂತರ ವಾರ್ಸಿಟಿ, ಅಂದರೆ ಹೈಸ್ಕೂಲಿನ ಮುಖ್ಯ ಟೀಮು. ಮೊದಲೆಲ್ಲ ಇಲ್ಲಿ ಎ ಟೀಮ್, ಬಿ ಟೀಮ್ ಅಂತ ಎರಡು ಇರುತ್ತಿದ್ದವು. ಬಿ ಟೀಮಿನಲ್ಲಿ ಕುಳ್ಳಗೆ, ದಪ್ಪಗೆ, ಓಡಲಾರದೆ ಇದ್ದವನು ಹನ್ನೆರಡನೇ ಕ್ಲಾಸಿಗೆ ಬರುವಷ್ಟರಲ್ಲಿ ಆರಡಿ ಬೆಳೆದು ನಮ್ಮ ಬಲಗಡೆಯ ಲೈನ್ ಕಾಯ್ದದ್ದನ್ನು ನಾನೇ ನೋಡಿದ್ದೇನೆ.

ದಾವಣಗೆರೆಯವನು ಮಗನನ್ನೂ ಕರೆದುಕೊಂಡು ಬಂದಿದ್ದ. ಹುಡುಗ ಬೇಲಿಗೆ ಅಂಟಿಕೊಂಡು ನಿಂತ. ಮ್ಯಾಚ್ ಮುಗಿಯುತ್ತಾ ಬಂದಾಗ ಅಪ್ಪ ಕೇಳಿದ, "ಬಿ ಟೀಮಿನ ಮ್ಯಾಚು ಎಷ್ಟು ಗಂಟೆಗೆ ಅಕ್ಕಾ?"

"ಈ ವರ್ಷ ನಮ್ಮದು ಬಿ ಟೀಮ್ ಇಲ್ಲ."

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಮೈದಾನದ ಆ ಕಡೆ ಎದುರು ಶಾಲೆಯ ಹುಡುಗರು ಹೆಲ್ಮೆಟ್ ಕಳಚಿ ಗಲಾಟೆ ಮಾಡುತ್ತಾ ಬಸ್ಸು ಹತ್ತುತ್ತಿದ್ದರು. ಅವರು ಎರಡು ಬಸ್ಸಿನಲ್ಲಿ ಬಂದಿದ್ದರು.

"ಅದು ಯಾವ ಊರಿನ ಶಾಲೆ?" ಅಂದ.