ಒಂದೇ ಯಂತ್ರ, ಬೇರೆ ಬೇರೆ ಉತ್ತರ: ಕಮಾಂಡ್ ಲೈನ್‌ನಲ್ಲಿ ಕಂಪ್ಯೂಟರ್ ಪರಿಶೀಲನೆಯ ಹಿನ್ನೆಲೆ

ನಿಮ್ಮ ಕಂಪ್ಯೂಟರ್‌ನಲ್ಲಿ ಎಷ್ಟು ಮೆಮೊರಿ ಇದೆ? ಲಿನಕ್ಸ್ ಟರ್ಮಿನಲ್‌ನಲ್ಲಿ 'ಡಿಎಂಐಡಿಕೋಡ್' ಓಡಿಸಿದರೆ 16 ಜಿಬಿ ಅನ್ನುತ್ತದೆ. 'ಫ್ರೀ' ಅಂತ ಕೊಟ್ಟರೆ 15 ಚಿಲ್ಲರೆ. ಎರಡೂ ಸರಿಯೇ. ಮೊದಲನೆಯದು ಫರ್ಮ್‌ವೇರ್ (ಮದರ್‌ಬೋರ್ಡ್‌ನಲ್ಲೇ ಇರುವ, ಯಂತ್ರವನ್ನು ಶುರು ಮಾಡುವ ಪ್ರೋಗ್ರಾಂ) ಬರೆದಿಟ್ಟ ಪಟ್ಟಿಯನ್ನು ಓದುತ್ತದೆ. ಎರಡನೆಯದು, ಫರ್ಮ್‌ವೇರ್ ಮತ್ತು ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ತಮಗೆ ಬೇಕಾದಷ್ಟು ತೆಗೆದಿಟ್ಟುಕೊಂಡ ಮೇಲೆ ಉಳಿದದ್ದನ್ನು ಹೇಳುತ್ತದೆ. ಕಮಾಂಡ್‌ಗಳ ಪಟ್ಟಿ ಎಲ್ಲಿ ಬೇಕಾದರೂ ಸಿಗುತ್ತದೆ. ಯಾವ ಕಮಾಂಡ್ ಯಾರನ್ನು ಕೇಳಿ ಉತ್ತರ ತರುತ್ತದೆ ಅಂತ ಹೇಳುವವರು ಕಡಿಮೆ.

ಶುರುವಿನಲ್ಲಿ ಇಷ್ಟು ತೊಡಕಿರಲಿಲ್ಲ. 1970ರ ದಶಕದ ಯುನಿಕ್ಸ್‌ನಲ್ಲೇ 'ಯುನೇಮ್' ಬಂದಿತ್ತು. ಸಿಸ್ಟಮ್‌ನ ಹೆಸರು, ಆವೃತ್ತಿ, ಯಂತ್ರದ ಬಗೆ, ಅಷ್ಟೇ. 1984ರಲ್ಲಿ ಟಾಮ್ ಕಿಲಿಯನ್ ಅವರು, ಓಡುತ್ತಿರುವ ಪ್ರೋಗ್ರಾಂಗಳನ್ನು ಫೈಲ್‌ಗಳ ಹಾಗೆ ತೋರಿಸುವ '/ಪ್ರಾಕ್' ವ್ಯವಸ್ಥೆಯನ್ನು ಯುನಿಕ್ಸ್‌ನ ಎಂಟನೇ ಆವೃತ್ತಿಯಲ್ಲಿ ತಂದರು. 1992ರಲ್ಲಿ ಲಿನಕ್ಸ್ ಕೂಡ ಅದನ್ನು ಅಳವಡಿಸಿಕೊಂಡಿತು.

ನಿಜವಾದ ಕಥೆ ಇರುವುದು ಅಲ್ಲಿಂದ ಮುಂದೆ. ಪ್ರೋಗ್ರಾಂಗಳಿಗೆ ಅಂತ ಶುರುವಾದ /ಪ್ರಾಕ್ ಒಳಗೆ ಹಾರ್ಡ್‌ವೇರ್‌ನ ವಿವರಗಳೂ ಬಂದು ಸೇರಿದವು. ಪ್ರೊಸೆಸರ್‌ಗೆ 'ಸಿಪಿಯುಇನ್ಫೋ', ಮೆಮೊರಿಗೆ 'ಮೆಮ್‌ಇನ್ಫೋ'. ನೋಡಲು ಬೇರೆ ಸಾಧನವೇ ಬೇಡ, ಫೈಲ್‌ನಲ್ಲಿ ಇರುವುದನ್ನು ತೋರಿಸುವ 'ಕ್ಯಾಟ್' ಸಾಕು. ಇದು ಅದ್ಭುತವಾದ ಅನುಕೂಲ, ಇವತ್ತಿಗೂ. ಆದರೆ ಮನುಷ್ಯರು ಓದಲಿ ಅಂತ ಬರೆದ ಆ ಸಾಲುಗಳನ್ನು ಪ್ರೋಗ್ರಾಂಗಳೂ ಓದತೊಡಗಿದವು. ಆಮೇಲೆ ಒಂದು ಸಾಲು ತೆಗೆಯುವುದೂ ಕಷ್ಟವಾಯಿತು.

'ಬೋಗೋಮಿಪ್ಸ್' ಅನ್ನುವ ಸಾಲನ್ನೇ ನೋಡಿ. ಕರ್ನಲ್ ಕ್ಷಣಮಾತ್ರ ಕಾಯಬೇಕಾದಾಗ ಎಷ್ಟು ಸುತ್ತು ಸುಮ್ನೆ ಸುತ್ತಬೇಕು ಅನ್ನುವ ಲೆಕ್ಕದಿಂದ ಹುಟ್ಟಿದ ಸಂಖ್ಯೆ ಅದು. ಪ್ರೊಸೆಸರ್ ಎಷ್ಟು ವೇಗದ್ದು ಅಂತ ಅದರಿಂದ ಗೊತ್ತಾಗುವುದಿಲ್ಲ. 2013ರಲ್ಲಿ, ಮೊಬೈಲ್‌ಗಳಲ್ಲಿ ಹೆಚ್ಚಾಗಿ ಇರುವ ಎಆರ್‌ಎಂ ಪ್ರೊಸೆಸರ್‌ಗಳ ಸಿಪಿಯುಇನ್ಫೋದಿಂದ ಅದನ್ನು ತೆಗೆದರು. ಅದನ್ನು ನಂಬಿಕೊಂಡಿದ್ದ ಪ್ರೋಗ್ರಾಂಗಳು ಕೆಟ್ಟವು. 2015ರಲ್ಲಿ ಮತ್ತೆ ಸೇರಿಸಬೇಕಾಯಿತು. ಅರ್ಥವಿಲ್ಲದ ಸಂಖ್ಯೆಯಾದರೂ ಕೈಬಿಡುವಂತಿಲ್ಲ.

ಈ ಗೋಜಲು ಬಿಡಿಸಲು ಬಂದದ್ದು 'ಸಿಸ್‌ಎಫ್‌ಎಸ್'. 2003ರ ಡಿಸೆಂಬರ್‌ನಲ್ಲಿ ಬಂದ 2.6 ಕರ್ನಲ್ ಜತೆ '/ಸಿಸ್' ಡೈರೆಕ್ಟರಿ ಸಿಕ್ಕಿತು. ನಿಯಮ ಸರಳ: ಒಂದು ಫೈಲ್, ಒಂದು ಮಾಹಿತಿ. ಹೀಗೆ ಮೊದಲೇ ಮಾಡಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಅನಿಸುತ್ತದೆ, ಅಲ್ವಾ?

ಆದರೂ ಯಂತ್ರ ತಾನಾಗಿ ಹೇಳುವುದು ಬಹಳ ಕಡಿಮೆ. ಜೋಡಿಸಿದ ಕಾರ್ಡ್‌ಗಳ ಪಟ್ಟಿ ಕೊಡುವ 'ಎಲ್‌ಎಸ್‌ಪಿಸಿಐ' ಓಡಿಸಿದಾಗ ಗ್ರಾಫಿಕ್ಸ್ ಕಾರ್ಡ್‌ನ ಪೂರ್ತಿ ಹೆಸರು ಬರುತ್ತದೆ. ಕಾರ್ಡ್ ಕೊಟ್ಟದ್ದು ಮಾತ್ರ ಮುಖ್ಯವಾಗಿ ಎರಡು ಸಂಖ್ಯೆ, ತಯಾರಕರದ್ದೊಂದು, ಸಾಧನದ್ದೊಂದು. ಇಂಟೆಲ್‌ನ ಸಂಖ್ಯೆ 8086, ಅವರ ಹಳೆಯ ಪ್ರೊಸೆಸರ್‌ನ ಹೆಸರೇ. ಹೆಸರು ಬರುವುದು ನಿಮ್ಮ ಡಿಸ್ಕ್‌ನಲ್ಲಿರುವ 'ಪಿಸಿಐ ಡಾಟ್ ಐಡಿಎಸ್' ಫೈಲ್‌ನಿಂದ. ಆ ಫೈಲ್ ಹಳೆಯದಾಗಿದ್ದರೆ ಹೊಸ ಕಾರ್ಡ್ ಬರೀ ಸಂಖ್ಯೆಯಾಗಿ ಕಾಣುತ್ತದೆ. ಕಾರ್ಡ್ ಕೆಟ್ಟಿದೆ ಅಂತ ಅಲ್ಲ. ಡಿಎಂಐಡಿಕೋಡ್‌ದು ಇನ್ನೊಂದು ಬಗೆ. ಫರ್ಮ್‌ವೇರ್‌ನ ಪಟ್ಟಿಯಲ್ಲಿ ತಪ್ಪು ಜಾಸ್ತಿ ಅಂತ ಅದರ ಕೈಪಿಡಿಯೇ ಎಚ್ಚರಿಸುತ್ತದೆ. ಸೀರಿಯಲ್ ಸಂಖ್ಯೆ ಇರಬೇಕಾದ ಜಾಗದಲ್ಲಿ 'ತಯಾರಕರು ತುಂಬಬೇಕು' ಅನ್ನುವ ಅರ್ಥದ ಸಾಲು ಹಾಗೇ ಉಳಿದಿರುವ ಮದರ್‌ಬೋರ್ಡ್‌ಗಳು ಅಪರೂಪವೇನಲ್ಲ.

ಆಪರೇಟಿಂಗ್ ಸಿಸ್ಟಮ್‌ನ ಆವೃತ್ತಿ ಕೇಳಿದರೂ ಇದೇ ಪಾಡು. ವಿಂಡೋಸ್ 11ರಲ್ಲಿ 'ವರ್' ಕೊಟ್ಟರೆ 10.0 ಅಂತಲೇ ಶುರುವಾಗುತ್ತದೆ, ಮುಂದಿನ ಬಿಲ್ಡ್ ಸಂಖ್ಯೆ 22000 ಅಥವಾ ಅದಕ್ಕಿಂತ ಜಾಸ್ತಿ ಇದೆಯಾ ಅಂತ ನೋಡಬೇಕು. 2020ರಲ್ಲಿ ಬಂದ ಮ್ಯಾಕ್‌ಓಎಸ್ 11, ಹಳೆಯ ಪ್ರೋಗ್ರಾಂಗಳು ಕೇಳಿದರೆ ತಾನು 10.16 ಅನ್ನುತ್ತದೆ. ಮೊದಲ ಅಂಕಿ ನೋಡಿ ನಿರ್ಧಾರ ಮಾಡುವ ಪ್ರೋಗ್ರಾಂಗಳು ನಿಂತುಹೋಗಬಾರದಲ್ಲ. ಲಿನಕ್ಸ್‌ನಲ್ಲಿ ಉಬುಂಟು, ಫೆಡೋರಾ ಅಂತ ಒಂದೊಂದು ಬಳಗಕ್ಕೆ ಒಂದೊಂದು ಫೈಲ್ ಇತ್ತು. 2012ರಿಂದ '/ಇಟಿಸಿ/ಓಎಸ್-ರಿಲೀಸ್' ಆ ಜಗಳವನ್ನು ಬಹುಮಟ್ಟಿಗೆ ಮುಗಿಸಿತು. ಇದರ ನಡುವೆ ಕಲಿತ ಕಮಾಂಡ್‌ಗಳೇ ಮರೆಯಾಗುತ್ತಿವೆ. ವಿಂಡೋಸ್ ಎಕ್ಸ್‌ಪಿ ಕಾಲದಿಂದ ಇದ್ದ, ಯಂತ್ರದ ವಿವರ ಕೇಳುವ 'ಡಬ್ಲ್ಯೂಎಂಐಸಿ'ಯನ್ನು 2021ರಲ್ಲಿ ಹಳತು ಅಂತ ಪಕ್ಕಕ್ಕಿಟ್ಟರು. ಅದರ ಜಾಗಕ್ಕೆ ವಿಂಡೋಸ್‌ನ ಇನ್ನೊಂದು ಕಮಾಂಡ್ ಲೈನ್ ಆದ ಪವರ್‌ಶೆಲ್‌ನ 'ಗೆಟ್-ಸಿಮ್‌ಇನ್‌ಸ್ಟೆನ್ಸ್' ಇದೆ. ಹೆಚ್ಚು ಬಲಶಾಲಿ ನಿಜ, ಆದರೆ ಟೈಪ್ ಮಾಡುವುದು ಜಾಸ್ತಿ, ನೆನಪಿಡುವುದೂ ಜಾಸ್ತಿ.

2013ರಲ್ಲಿ ಡಾಕರ್ ಬಂದ ಮೇಲೆ ಕಂಟೇನರ್‌ಗಳು (ಒಂದೇ ಕರ್ನಲ್ ಹಂಚಿಕೊಂಡು, ಪ್ರೋಗ್ರಾಂಗಳನ್ನು ಬೇರೆ ಬೇರೆಯಾಗಿ ಓಡಿಸುವ ಡಬ್ಬಿಗಳು) ಎಲ್ಲೆಡೆ ಹರಡಿದವು, ಪ್ರಶ್ನೆ ಇನ್ನಷ್ಟು ಬಿಗಿಯಾಯಿತು. 64 ಜಿಬಿ ಇರುವ ಸರ್ವರ್‌ನಲ್ಲಿ 2 ಜಿಬಿ ಮಿತಿಯ ಕಂಟೇನರ್ ಇದೆ ಅನ್ನಿ. ಒಳಗೆ ಕೂತು 'ಫ್ರೀ' ಕೊಟ್ಟರೆ ಕಾಣುವುದು ಸರ್ವರ್‌ನ ಲೆಕ್ಕ, ಯಾಕೆಂದರೆ ಮೆಮ್‌ಇನ್ಫೋಗೆ ಕಂಟೇನರ್‌ನ ಮಿತಿ ಗೊತ್ತಿಲ್ಲ. ಜಾವಾ ಪ್ರೋಗ್ರಾಂಗಳು ಅದನ್ನು ನಂಬಿ ಮಿತಿ ಮೀರುತ್ತಿದ್ದವು, ಕರ್ನಲ್ ಅವುಗಳನ್ನು ಕೊಂದುಹಾಕುತ್ತಿತ್ತು. 2018ರ ಜಾವಾ 10 ಮಿತಿಯನ್ನು ತಾನೇ ಓದಲು ಕಲಿತು ಬಂತು. 'ಫ್ರೀ' ಮಾತ್ರ ಹಾಗೇ ಇದೆ. ಮಿತಿ ತಿಳಿಯಲು '/ಸಿಸ್/ಎಫ್‌ಎಸ್/ಸಿಗ್ರೂಪ್' ಒಳಗಿನ 'ಮೆಮೊರಿ ಡಾಟ್ ಮ್ಯಾಕ್ಸ್' ಫೈಲ್ ತೆರೆಯಬೇಕು. ಇಂಥ ಮಿತಿಗಳನ್ನು ನೋಡಿಕೊಳ್ಳುವ ಕರ್ನಲ್‌ನ ಭಾಗವೇ ಸಿಗ್ರೂಪ್. ಅದರ ಮೊದಲ ಆವೃತ್ತಿ ಇರುವ ಯಂತ್ರಗಳಲ್ಲಿ ಆ ಫೈಲ್‌ನ ಹೆಸರೇ ಬೇರೆ.