ಆಂಟೆನಾ ತಗ್ಗಿನಲ್ಲಿ ಕಟ್ಟಿದರೆ ಪಕ್ಕದ ಮನೆಗೆ ತೊಂದರೆ ತಪ್ಪುತ್ತದೆಯೇ?

ಪ್ರಶ್ನೆ: ಹ್ಯಾಮ್ (ಹವ್ಯಾಸಿ ರೇಡಿಯೊ) ಪರವಾನಗಿ ಈಗಷ್ಟೇ ಕೈಗೆ ಬಂದಿದೆ. ಬೆಂಗಳೂರಿನಲ್ಲಿ 30×40 ಸೈಟಿನ ಮನೆ, ಎರಡೂ ಮಗ್ಗುಲಲ್ಲಿ ಗೋಡೆಗೆ ಗೋಡೆ ತಾಗಿದಂತೆ ಮನೆಗಳು. ಅವರ ಟಿವಿ, ಸ್ಪೀಕರ್‌ಗಳಿಗೆ ತೊಂದರೆಯಾಗಬಾರದೆಂದು 40 ಮೀಟರ್ ಬ್ಯಾಂಡಿನ ಆಂಟೆನಾವನ್ನು ತಾರಸಿಗೆ ಏರಿಸದೆ ಬಾಲ್ಕನಿ ಗ್ರಿಲ್ಲಿನ ಪಕ್ಕದಲ್ಲೇ ಎಳೆಯೋಣ ಅಂದುಕೊಂಡಿದ್ದೇನೆ. ಸರಿಯೇ?

ಉತ್ತರ: ಸರಿಯಲ್ಲ. ಮೇಲಕ್ಕೆ ಏರಿಸಿ. ಎಎಸ್‌ಒಸಿ (ಹ್ಯಾಮ್ ಪರವಾನಗಿಯ) ಪರೀಕ್ಷೆಗೆ ಪಾಠ ಹೇಳಿಸಿಕೊಳ್ಳಲು ಬರುವ ಹುಡುಗರಿಗೆ ಈ ಮಾತನ್ನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ತಲೆಯಾಡಿಸುತ್ತಾರೆ, ಪಾಸಾಗುತ್ತಾರೆ, ಕಾಲ್ ಸೈನ್ (ಸ್ಟೇಷನ್ನಿನ ಗುರುತು) ಬಂದ ವಾರಕ್ಕೆ ಫೋನ್ ಮಾಡಿ "ಸರ್, ಗ್ರಿಲ್ ಪಕ್ಕದಲ್ಲೇ ವೈರ್ ಎಳೆದುಬಿಡ್ಲಾ? ಪಕ್ಕದವರ ಕಣ್ಣಿಗೂ ಬೀಳಲ್ಲ" ಅನ್ನುತ್ತಾರೆ. ಹಾಗಾಗಿ ಈ ಸಲ ಪೂರ್ತಿ ಬಿಡಿಸಿಯೇ ಬರೆಯುತ್ತೇನೆ.

ಕಣ್ಣಿಗೆ ಬೀಳದ ಆಂಟೆನಾ ತೊಂದರೆ ಕೊಡದು ಎಂಬ ನಂಬಿಕೆಗೆ ಹಳೆಯ ಬೇರೊಂದಿದೆ. ದೂರದರ್ಶನದ ಕಾಲದಲ್ಲಿ ಮನೆಮನೆಯ ತಾರಸಿಯ ಮೇಲೂ ಟಿವಿ ಆಂಟೆನಾ ಇರುತ್ತಿತ್ತು. ನಾವು 21 ಮೆಗಾಹರ್ಟ್ಸ್‌ನಲ್ಲಿ ಮಾತಾಡಿದರೆ ಅದರ ಮೂರು ಪಟ್ಟಿನ ಹಾರ್ಮೋನಿಕ್ 63ಕ್ಕೆ ಬಂದು ಬೀಳುತ್ತದೆ, ಅದು ಆಗಿನ 4ನೇ ಚಾನೆಲ್ಲಿನ 61-68 ಮೆಗಾಹರ್ಟ್ಸ್ ಒಳಗೇ. ಫಿಲ್ಟರ್ ಸರಿಯಿಲ್ಲದ ಟ್ರಾನ್ಸ್‌ಮಿಟರ್ ಆದರೆ ಪಕ್ಕದ ಮನೆಯ ಚಿತ್ರದ ಮೇಲೆ ಗೆರೆಗಳು ಮೂಡುತ್ತಿದ್ದವು. ಆಗ ಹಿರಿಯರು ತಾರಸಿಯಿಂದ ದೂರವಿರು ಎಂದರೆ ಅದಕ್ಕೆ ಅರ್ಥವಿತ್ತು, ಏಕೆಂದರೆ ನಮ್ಮ ಅಲೆಯನ್ನು ಹಿಡಿಯುವ ತಂತಿ ಇದ್ದದ್ದೇ ಅಲ್ಲಿ.

ಈಗ ಆ ತಂತಿಗಳೆಲ್ಲ ಕೆಳಗಿಳಿದಿವೆ. ಹೋಂ ಥಿಯೇಟರಿನ ಸ್ಪೀಕರ್ ವೈರು, ಕಾಂಪೌಂಡ್ ಗೋಡೆಯ ಮೇಲೆ ಓಡುವ ಸಿಸಿಟಿವಿ ಕೇಬಲ್ಲು, ಬ್ರಾಡ್‌ಬ್ಯಾಂಡ್ ತಂತಿ, ಕಾಲಿಂಗ್ ಬೆಲ್ಲಿನ ವೈರು, ಎಲ್ಲವೂ ನಿಮ್ಮ ಬಾಲ್ಕನಿಯ ಮಟ್ಟದಲ್ಲೇ ಇವೆ. ಅವುಗಳ ಮಧ್ಯಕ್ಕೇ ಆಂಟೆನಾ ತಂದು ಕಟ್ಟುತ್ತೇನೆ ಅನ್ನುತ್ತಿದ್ದೀರಿ.

ಲೆಕ್ಕವನ್ನೂ ನೋಡಿ. ನಿಮ್ಮ 40 ಮೀಟರ್ ಬ್ಯಾಂಡಿನಲ್ಲಿರುವ 7.1 ಮೆಗಾಹರ್ಟ್ಸ್‌ನ ಅಲೆಯ ಉದ್ದ ಸುಮಾರು 42 ಮೀಟರ್. ಅದನ್ನು 6.28ರಿಂದ (ಪೈನ ಎರಡು ಪಟ್ಟು) ಭಾಗಿಸಿದರೆ 6.7 ಮೀಟರ್ ಬರುತ್ತದೆ. ಆಂಟೆನಾದಿಂದ ಅಷ್ಟು ದೂರದೊಳಗೆ ನಿಮ್ಮ ತಂತಿಗೂ ಪಕ್ಕದವರ ತಂತಿಗೂ ಟ್ರಾನ್ಸ್‌ಫಾರ್ಮರಿನ ಎರಡು ಸುರುಳಿಗಳ ನಂಟು. ಅಲ್ಲಿ ಒಂದೊಂದು ಮೀಟರ್ ದೂರ ಸರಿದರೂ ಅವರ ವೈರಿಗೆ ಸೇರುವ ಶಕ್ತಿ ಗಬಕ್ಕನೆ ಇಳಿಯುತ್ತದೆ. ಅದನ್ನು ದಾಟಿದ ಮೇಲೆ ದೂರ ಎರಡು ಪಟ್ಟಾದರೆ ಕ್ಷೇತ್ರದ ಬಲ ಅರ್ಧವಾಗುತ್ತದೆ. ಗ್ರಿಲ್ಲಿನಲ್ಲಿ ಕಟ್ಟಿದ ವೈರು ಪಕ್ಕದ ಮನೆಯ ಹಾಲ್‌ನಿಂದ ಹೆಚ್ಚೆಂದರೆ ಮೂರು ಮೀಟರ್. ಇನ್ನೊಂದು ನಷ್ಟವೂ ಇದೆ: ತಗ್ಗಿನ ಆಂಟೆನಾ ಅರ್ಧಕ್ಕರ್ಧ ಶಕ್ತಿಯನ್ನು ಗೋಡೆಗೂ ಕಬ್ಬಿಣದ ಗ್ರಿಲ್ಲಿಗೂ ಕುಡಿಸಿಬಿಡಬಹುದು. ಆಗ ನಿಮ್ಮ ದನಿ ಯಾರಿಗೂ ಕೇಳಿಸದೆ ನೀವೇ ಪವರ್ ಏರಿಸುತ್ತೀರಿ, ಪಕ್ಕದವರ ಪಾಲಿನ ತೊಂದರೆಯೂ ಅಷ್ಟೇ ಏರುತ್ತದೆ.

ನಾನೂ ಮೊದಲು ಬಾಲ್ಕನಿಯಲ್ಲೇ ಕಟ್ಟಿದ್ದೆ. ಎರಡನೇ ದಿನ ಪಕ್ಕದ ಮನೆಯ ಯಜಮಾನರು ಬಂದು, "ನೋಡಿ ಸರ್, ನಮ್ಮ ಸ್ಪೀಕರಲ್ಲಿ ಯಾರೋ ಗೊರಗೊರ ಅಂತಾರೆ, ಟಿವಿ ಆಫ್ ಮಾಡಿದ್ರೂ ನಿಲ್ಲಲ್ಲ" ಅಂದರು. ಅವರ ಸ್ಪೀಕರ್ ವೈರು ನನ್ನ ಅಲೆಯನ್ನು ಹಿಡಿದು ಆಂಪ್ಲಿಫೈಯರಿಗೆ ಒಯ್ಯುತ್ತಿತ್ತು. ಅಲ್ಲಿನ ಟ್ರಾನ್ಸಿಸ್ಟರು ಹಳೆಯ ಕ್ರಿಸ್ಟಲ್ ರೇಡಿಯೊದ ಡಯೋಡಿನಂತೆ ಅದನ್ನು ಶಬ್ದವಾಗಿ ಬಿಡಿಸುತ್ತಿತ್ತು. ನನ್ನದು ಎಸ್‌ಎಸ್‌ಬಿ (ಕ್ಯಾರಿಯರ್ ಅಲೆ ಇಲ್ಲದೆ ದನಿ ಕಳಿಸುವ ವಿಧಾನ) ಆದ್ದರಿಂದ ಮಾತಿನ ಬದಲು ಗೊರಗೊರ. ಅದೇ ವೈರನ್ನು ಓವರ್‌ಹೆಡ್ ಟ್ಯಾಂಕಿನ ಮೇಲಿನ ಪೈಪಿಗೆ ಏರಿಸಿದೆ, ಪವರ್ ಒಂದು ವ್ಯಾಟೂ ಇಳಿಸಲಿಲ್ಲ. ಅವರ ಹಾಲ್‌ನಲ್ಲೇ ಕೂತು, ಮಗನಿಗೆ ಪಿಟಿಟಿ (ಮಾತಾಡಲು ಒತ್ತುವ ಗುಂಡಿ) ಒತ್ತಿ ಮಾತಾಡಲು ಹೇಳಿ ಕೇಳಿದೆ. ಸ್ಪೀಕರ್ ಮೌನ.

ನಿಮ್ಮ ಸೈಟಿಗೆ ಲೆಕ್ಕ ಸುಲಭ. ಅರ್ಧ ಅಲೆಯ ಡೈಪೋಲಿಗೆ (ನಡುವೆ ಕೇಬಲ್ ಸೇರುವ, ಎರಡು ಸಮ ತೋಳಿನ ತಂತಿಯ ಆಂಟೆನಾ) 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿ: 7.1ಕ್ಕೆ ಸುಮಾರು 20 ಮೀಟರ್, ಕಡೆಗೊಂದು 10 ಮೀಟರ್. 30×40 ಸೈಟಿನ ಕರ್ಣ ಸರಿಯಾಗಿ 50 ಅಡಿ, ಅಂದರೆ 15 ಮೀಟರ್ ಚಿಲ್ಲರೆ. ನೇರವಾಗಿ ಹಿಡಿಸುವುದಿಲ್ಲ. ತಾರಸಿಯ ನಡುವೆ ಆರೇಳು ಮೀಟರಿನ ಕಂಬ ನಿಲ್ಲಿಸಿ ತಲೆಕೆಳಗಾದ ವಿ ಆಕಾರದಲ್ಲಿ ಮೂಲೆಯಿಂದ ಮೂಲೆಗೆ ಇಳಿಸಿ, ಮೂಲೆಗೆ ಮುಟ್ಟುವ ಮೊದಲೇ ಕೊನೆಯ ಎರಡು ಎರಡೂವರೆ ಮೀಟರನ್ನು ಪಕ್ಕಕ್ಕೆ ತಿರುಗಿಸಿ ಎಳೆದರೆ ಹಿಡಿಸುತ್ತದೆ. ತುದಿಗಳಲ್ಲಿ ವೋಲ್ಟೇಜ್ ಹೆಚ್ಚು, ಮುಟ್ಟಿದರೆ ಸುಡುತ್ತದೆ. ತಲೆಗಿಂತ ಎತ್ತರದಲ್ಲಿ, ಬಟ್ಟೆ ಒಣಹಾಕುವ ಜಾಗದಿಂದ ದೂರ ಕಟ್ಟಿ. ಕಂಬ ಬಿದ್ದರೂ ವೈರು ಬೀದಿಯ ವಿದ್ಯುತ್ ತಂತಿಗೆ ತಾಗಬಾರದು, ಇದರಲ್ಲಿ ರಾಜಿ ಬೇಡ. ಗುಡುಗು ಶುರುವಾಗುವ ಮೊದಲೇ ಕೇಬಲ್ ಬಿಚ್ಚಿ ಮನೆಯ ಹೊರಗಿಡಿ.

ಕೇಬಲ್ಲನ್ನು ಮಾತ್ರ ಮರೆಯಬೇಡಿ. ಆಂಟೆನಾ ಎಷ್ಟೇ ಮೇಲಿದ್ದರೂ ಕೋಆಕ್ಸಿಯಲ್ ಕೇಬಲ್ಲಿನ ಹೊರ ಜಾಲರಿಯ ಮೇಲೆ ಕರೆಂಟು ವಾಪಸು ಹರಿದರೆ ಆ ಕೇಬಲ್ಲೇ ಮತ್ತೊಂದು ಆಂಟೆನಾ ಆಗುತ್ತದೆ, ನೇರ ಮನೆಯೊಳಗೆ ಇಳಿದು ಬರುತ್ತದೆ. ಕೇಬಲ್ಲು ಆಂಟೆನಾಕ್ಕೆ ಸೇರುವ ಫೀಡ್ ಪಾಯಿಂಟಿನ ಬಳಿ 31 ಅಥವಾ 43 ನಂಬರಿನ ಮಿಶ್ರಣದ ದೊಡ್ಡ ಫೆರೈಟ್ ಉಂಗುರಕ್ಕೆ ತೆಳು ಕೇಬಲ್ಲನ್ನು ಹತ್ತು ಹನ್ನೆರಡು ಸುತ್ತು ಸುತ್ತಿ ಚೋಕ್ (ಆ ವಾಪಸು ಕರೆಂಟನ್ನು ತಡೆಯುವ ಸುರುಳಿ) ಮಾಡಿ. ಒಂದು ತುದಿಯಿಂದ ಫೀಡ್ ಮಾಡುವ ಎಂಡ್‌ಫೆಡ್ ಆಂಟೆನಾ ಹಾಕಿದವರಿಗಂತೂ ಇದು ಬೇಕೇಬೇಕು. "ಎಸ್‌ಡಬ್ಲ್ಯೂಆರ್ 1:1 ಇದೆ ಸರ್, ಇಂಟರ್‌ಫಿಯರೆನ್ಸ್ ಹೇಗೆ ಬರುತ್ತೆ?" ಎಂದು ಕೇಳುವವರು (ಎಸ್‌ಡಬ್ಲ್ಯೂಆರ್ ಅಂದರೆ ಕೇಬಲ್ಲಿಗೂ ಆಂಟೆನಾಕ್ಕೂ ಎಷ್ಟು ಹೊಂದಿಕೆ ಎಂಬ ಅಳತೆ, 1:1 ಅಂದರೆ ಪೂರ್ತಿ ಹೊಂದಿಕೆ) ಡಮ್ಮಿ ಲೋಡ್, ಅಂದರೆ ಶಕ್ತಿಯನ್ನೆಲ್ಲ ಶಾಖವಾಗಿಸಿಬಿಡುವ ರೆಸಿಸ್ಟರ್, ಜೋಡಿಸಿ ನೋಡಲಿ. ಏನನ್ನೂ ಹೊರಗೆ ಕಳಿಸದ ಅದೂ 1:1 ತೋರಿಸುತ್ತದೆ.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಪಕ್ಕದ ಮನೆಯಿಂದ ನಿಮಗೆ ಬರುವ ತೊಂದರೆಯೇ ಈಗ ದೊಡ್ಡದು. ಅಗ್ಗದ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್, ಸೋಲಾರ್ ಇನ್ವರ್ಟರ್, ಇವೆಲ್ಲ ಸೆಕೆಂಡಿಗೆ ಸಾವಿರಾರು ಸಲ ಕರೆಂಟನ್ನು ಕತ್ತರಿಸಿ ಕೆಲಸ ಮಾಡುತ್ತವೆ. ಆ ಕತ್ತರಿಯ ಸದ್ದು 40 ಮೀಟರ್ ಬ್ಯಾಂಡಿನ ತುಂಬ ಹರಡುತ್ತದೆ. ಬರುವ ಸಿಗ್ನಲ್ಲಿನ ಬಲ ತೋರಿಸುವ ಎಸ್-ಮೀಟರ್ ಆ ಗಲಾಟೆಗೇ ಏಳೆಂಟರಲ್ಲಿ ನಿಂತಿದ್ದರೆ ದೂರದ ಸ್ಟೇಷನ್ ಕೇಳಿಸುವುದೆಲ್ಲಿಂದ? ಇಲ್ಲೂ ಆಂಟೆನಾ ಮೇಲಿದ್ದಷ್ಟೂ ಲಾಭ, ಆ ಗಲಾಟೆ ಇರುವುದು ಮನೆಗಳ ವೈರಿಂಗ್‌ನಲ್ಲಿ.

ಬೇರೆಯವರನ್ನು ದೂರುವ ಮೊದಲು ನಿಮ್ಮ ಮನೆಯನ್ನೇ ಪರೀಕ್ಷಿಸಿ. ರಿಗ್ಗನ್ನು (ರೇಡಿಯೊ ಸೆಟ್ಟನ್ನು) 12 ವೋಲ್ಟ್ ಬ್ಯಾಟರಿಗೆ ಹಾಕಿ, ಮೇನ್ ಸ್ವಿಚ್ ಆಫ್ ಮಾಡಿ, ಯುಪಿಎಸ್ಸನ್ನೂ ಆಫ್ ಮಾಡಿ (ಸ್ಕ್ವೇರ್ ವೇವ್ ಯುಪಿಎಸ್ ಕೂಡ ಗಲಾಟೆ ಮಾಡುತ್ತದೆ). ಮೀಟರ್ ಇಳಿದರೆ ಕಳ್ಳ ಮನೆಯೊಳಗೇ ಇದ್ದಾನೆ. ಒಂದೊಂದೇ ಎಂಸಿಬಿ ಹಾಕುತ್ತಾ ಬನ್ನಿ. ನಮ್ಮ ಮನೆಯಲ್ಲಿ ಸಿಕ್ಕಿದ್ದು ದೇವರ ಮನೆಯ ಬಣ್ಣದ ಎಲ್‌ಇಡಿ ಸರ. ಅದರ ಅಡಾಪ್ಟರ್ ಬದಲಿಸಿದ ರಾತ್ರಿ ಮೀಟರ್ ಎಸ್-3ಕ್ಕೆ ಇಳಿಯಿತು.