ಅಲಬಾಮಾ: ಮತದ ಹಕ್ಕಿನ ದೀರ್ಘ ಹೋರಾಟ

ಅಮೆರಿಕದ ಅಲಬಾಮಾ ರಾಜ್ಯದ ಆಧುನಿಕ ಚರಿತ್ರೆಯನ್ನು ಓದಲು ತೊಡಗುವವರು ಸಾಮಾನ್ಯವಾಗಿ 1955ರ ಬಸ್ ಬಹಿಷ್ಕಾರದಿಂದ ಆರಂಭಿಸುತ್ತಾರೆ. ನಾವು 1901ಕ್ಕೆ ಹೋಗುವುದು ಒಳಿತು, ಏಕೆಂದರೆ ಆ ವರ್ಷ ಜಾರಿಗೆ ಬಂದ ರಾಜ್ಯ ಸಂವಿಧಾನವನ್ನು ತಿಳಿಯದಿದ್ದರೆ ಮುಂದಿನ ಘಟನೆಗಳು ಬಿಡಿಬಿಡಿಯಾಗಿಯೇ ಉಳಿಯುತ್ತವೆ. ವರ್ಣದ ಕಾರಣಕ್ಕೆ ಯಾರ ಮತದ ಹಕ್ಕನ್ನೂ ಕಸಿಯಬಾರದೆಂದು ಅಮೆರಿಕ ಸಂವಿಧಾನದ 15ನೇ ತಿದ್ದುಪಡಿ 1870ರಲ್ಲೇ ಹೇಳಿತ್ತು. ಆದ್ದರಿಂದ ಅಲಬಾಮಾದ ಸಂವಿಧಾನ ರಚಿಸಿದವರು ಮತದಾನದ ನಿಯಮಗಳಲ್ಲಿ ವರ್ಣದ ಮಾತನ್ನೇ ಎತ್ತದೆ, ಓದು ಬರಹದ ಪರೀಕ್ಷೆ, ಆಸ್ತಿಯ ಅರ್ಹತೆ, ವರ್ಷಕ್ಕೆ ಒಂದೂವರೆ ಡಾಲರ್ ತಲೆಗಂದಾಯ ಎಂಬ ಷರತ್ತುಗಳನ್ನು ಹಾಕಿದರು. ಕಟ್ಟದೆ ಉಳಿದ ಕಂದಾಯ ವರ್ಷದಿಂದ ವರ್ಷಕ್ಕೆ ಬಾಕಿಯಾಗಿ ಬೆಳೆಯುತ್ತಿತ್ತು. ಬಿಳಿಯರ ಮೇಲುಗೈಯನ್ನು ಕಾನೂನಿನ ಮೂಲಕವೇ ಸ್ಥಾಪಿಸುವುದು ತಮ್ಮ ಉದ್ದೇಶವೆಂದು ರಚನಾ ಸಭೆಯ ಅಧ್ಯಕ್ಷ ಜಾನ್ ನಾಕ್ಸ್ ಮರೆಮಾಚದೆ ಹೇಳಿದ್ದರು. 1900ರಲ್ಲಿ ಮತದಾನಕ್ಕೆ ಅರ್ಹರಾಗಿದ್ದ ಕಪ್ಪುವರ್ಣೀಯ ಗಂಡಸರು 1.8 ಲಕ್ಷಕ್ಕೂ ಹೆಚ್ಚು. 1903ರ ಹೊತ್ತಿಗೆ ಪಟ್ಟಿಯಲ್ಲಿ ಉಳಿದವರು ಸುಮಾರು 3,000 ಮಂದಿ. ಕಂದಾಯ ಕಟ್ಟಲಾರದ ಬಡ ಬಿಳಿಯರೂ ದೊಡ್ಡ ಸಂಖ್ಯೆಯಲ್ಲಿ ಹೊರಬಿದ್ದರು ಎಂಬುದನ್ನು ಇಲ್ಲೇ ಗುರುತಿಸಿಕೊಳ್ಳಬೇಕು.

ಈಗ ರಾಜ್ಯದ ರಾಜಧಾನಿ ಮಾಂಟ್ಗೊಮರಿಗೆ ಬರೋಣ. 1955ರ ಡಿಸೆಂಬರ್ 1ರಂದು ರೋಸಾ ಪಾರ್ಕ್ಸ್ ಬಸ್ಸಿನಲ್ಲಿ ಬಿಳಿಯ ಪ್ರಯಾಣಿಕನಿಗೆ ಸೀಟು ಬಿಟ್ಟುಕೊಡಲು ಒಪ್ಪದೆ ಬಂಧನಕ್ಕೊಳಗಾದರು. ಅದೇ ರಾತ್ರಿ ಅಧ್ಯಾಪಕಿ ಜೋ ಆನ್ ರಾಬಿನ್ಸನ್ ತಮ್ಮ ಕಾಲೇಜಿನ ಯಂತ್ರದಲ್ಲಿ ಸಾವಿರಾರು ಕರಪತ್ರಗಳನ್ನು ಅಚ್ಚು ಹಾಕಿಸಿದರು, ಡಿಸೆಂಬರ್ 5ರಂದು ಬಹಿಷ್ಕಾರ ಆರಂಭವಾಯಿತು. 381 ದಿನಗಳ ಕಾಲ ಮನೆಗೆಲಸದ ಹೆಂಗಸರು, ಕೂಲಿಗಳು, ಶಿಕ್ಷಕರು ನಡೆದೋ ಒಬ್ಬರ ಕಾರಿನಲ್ಲಿ ಹಲವರು ಕೂತೋ ಕೆಲಸಕ್ಕೆ ಹೋದರು. ಆದರೆ ಪಾರ್ಕ್ಸ್ ಅವರ ಮೊಕದ್ದಮೆಯಿಂದಲೇ ಬಸ್ಸುಗಳಲ್ಲಿನ ವರ್ಣಭೇದ ರದ್ದಾಯಿತೆಂದು ಬರೆಯುವುದು ತಪ್ಪು, ನಮ್ಮಲ್ಲಿ ಅನೇಕರು ಈ ತಪ್ಪನ್ನು ಮಾಡುತ್ತೇವೆ. ಅವರ ಪ್ರಕರಣ ರಾಜ್ಯದ ನ್ಯಾಯಾಲಯಗಳಲ್ಲಿ ಮೇಲ್ಮನವಿಯ ಹಂತದಲ್ಲಿ ಸಿಲುಕಬಹುದೆಂದು ಕಂಡ ವಕೀಲ ಫ್ರೆಡ್ ಗ್ರೇ, 1956ರ ಫೆಬ್ರುವರಿಯಲ್ಲಿ ಬೇರೆ ಮಹಿಳೆಯರ ಪರವಾಗಿ ಫೆಡರಲ್ (ಕೇಂದ್ರ) ನ್ಯಾಯಾಲಯದಲ್ಲಿ ದಾವೆ ಹೂಡಿದರು. ಅದೇ ಬ್ರೌಡರ್ ವಿರುದ್ಧ ಗೇಲ್ ಪ್ರಕರಣ. ಪಾರ್ಕ್ಸ್‌ಗಿಂತ ಒಂಬತ್ತು ತಿಂಗಳು ಮೊದಲೇ, 15ನೇ ವಯಸ್ಸಿನಲ್ಲಿ, ಸೀಟು ಬಿಡದೆ ಬಂಧಿತಳಾಗಿದ್ದ ಕ್ಲಾಡೆಟ್ ಕಾಲ್ವಿನ್ ಇದರ ವಾದಿಗಳಲ್ಲಿ ಒಬ್ಬಳು. ಜೂನ್‌ನಲ್ಲಿ ಮೂವರು ನ್ಯಾಯಾಧೀಶರ ಪೀಠ ಎರಡು–ಒಂದರ ಬಹುಮತದಿಂದ ಅವರ ಪರ ತೀರ್ಪು ನೀಡಿತು, ನವೆಂಬರ್ 13ರಂದು ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಬೀದಿಯ ಬಹಿಷ್ಕಾರವಿಲ್ಲದೆ ದಾವೆಗೆ ಬಲವಿರಲಿಲ್ಲ, ದಾವೆಯಿಲ್ಲದೆ ಬಹಿಷ್ಕಾರಕ್ಕೆ ಕಾನೂನಿನ ಫಲವಿರಲಿಲ್ಲ. ಅಲಬಾಮಾದ ಚರಿತ್ರೆಯಲ್ಲಿ ಈ ಜೋಡಿ ಮತ್ತೆ ಮತ್ತೆ ಕಾಣುತ್ತದೆ.

ಎರಡು ಮೊಕದ್ದಮೆಗಳು ಹೊರಗಿನ ಓದುಗರಿಗೆ ಅಷ್ಟಾಗಿ ಪರಿಚಿತವಲ್ಲ, ನನಗಂತೂ ಅವು ಮೆರವಣಿಗೆಗಳಷ್ಟೇ ಮುಖ್ಯವೆನಿಸುತ್ತವೆ. 1957ರಲ್ಲಿ ರಾಜ್ಯದ ಶಾಸಕಾಂಗ ಟಸ್ಕೀಗಿ ಊರಿನ ಎಲ್ಲೆಯನ್ನು ಬದಲಿಸಿ, ಚೌಕಾಕಾರದ ಊರನ್ನು 28 ಬದಿಗಳ ವಿಚಿತ್ರ ಆಕೃತಿಯಾಗಿ ಮಾಡಿತು. ಸುಮಾರು 400 ಕಪ್ಪುವರ್ಣೀಯ ಮತದಾರರಲ್ಲಿ ನಾಲ್ಕೈದು ಮಂದಿಯನ್ನು ಬಿಟ್ಟು ಉಳಿದವರೆಲ್ಲ ಊರಿನ ಹೊರಗಾದರು. ಒಬ್ಬ ಬಿಳಿಯ ಮತದಾರನೂ ಹೊರಗಾಗಲಿಲ್ಲ. ಅಲ್ಲಿನ ಪ್ರಾಧ್ಯಾಪಕ ಚಾರ್ಲ್ಸ್ ಗೊಮಿಲಿಯನ್ ಹೂಡಿದ ದಾವೆಯಲ್ಲಿ 1960ರಲ್ಲಿ ಸರ್ವೋಚ್ಚ ನ್ಯಾಯಾಲಯ ಇಂಥ ಗಡಿರೇಖೆಯೂ 15ನೇ ತಿದ್ದುಪಡಿಯ ಉಲ್ಲಂಘನೆಯಾಗುತ್ತದೆಂದು ಹೇಳಿತು. ಇನ್ನೊಂದು, 1964ರ ರೆನಾಲ್ಡ್ಸ್ ವಿರುದ್ಧ ಸಿಮ್ಸ್. ಹತ್ತು ವರ್ಷಕ್ಕೊಮ್ಮೆ ಕ್ಷೇತ್ರಗಳನ್ನು ಪುನರ್ವಿಂಗಡಿಸಬೇಕೆಂದು 1901ರ ಸಂವಿಧಾನವೇ ವಿಧಿಸಿದ್ದರೂ ಅರುವತ್ತು ವರ್ಷ ಅದು ನಡೆದಿರಲಿಲ್ಲ. ಪರಿಣಾಮವಾಗಿ, 6 ಲಕ್ಷಕ್ಕೂ ಹೆಚ್ಚು ಜನರಿದ್ದ ಜೆಫರ್ಸನ್ ಕೌಂಟಿಗೆ (ಕೌಂಟಿ ಎಂದರೆ ಜಿಲ್ಲೆಯಂಥ ಆಡಳಿತ ಘಟಕ) ರಾಜ್ಯ ಶಾಸಕಾಂಗದ ಮೇಲ್ಮನೆಯಲ್ಲಿ ಒಬ್ಬ ಸೆನೆಟರ್, ಸುಮಾರು 15,000 ಜನರಿದ್ದ ಲೌನ್ಸ್ ಕೌಂಟಿಗೂ ಒಬ್ಬ ಸೆನೆಟರ್. ಶಾಸಕರು ಪ್ರತಿನಿಧಿಸುವುದು ಜನರನ್ನು, ಮರಗಳನ್ನೋ ಎಕರೆಗಳನ್ನೋ ಅಲ್ಲ ಎಂದು ಮುಖ್ಯ ನ್ಯಾಯಮೂರ್ತಿ ಅರ್ಲ್ ವಾರನ್ ಬರೆದದ್ದು ಈ ತೀರ್ಪಿನಲ್ಲೇ. ಇದರಿಂದ ಅಲಬಾಮಾದ ಮಾತ್ರವಲ್ಲ, ದೇಶದ ಬಹುತೇಕ ರಾಜ್ಯಗಳ ಶಾಸಕಾಂಗ ಕ್ಷೇತ್ರಗಳು ಬದಲಾಗಬೇಕಾಯಿತು.

1963ರ ಘಟನೆಗಳು ಹೆಚ್ಚು ಪರಿಚಿತವಾದ್ದರಿಂದ ಸಂಕ್ಷೇಪವಾಗಿ ಹೇಳುತ್ತೇನೆ. ಮೇ ತಿಂಗಳಲ್ಲಿ ವರ್ಣಭೇದದ ವಿರುದ್ಧ ಬರ್ಮಿಂಗ್‌ಹ್ಯಾಮ್‌ನ ಬೀದಿಗಿಳಿದ ಶಾಲಾ ಮಕ್ಕಳ ಮೇಲೆ ನೀರಿನ ಕೊಳವೆಗಳನ್ನೂ ಪೊಲೀಸ್ ನಾಯಿಗಳನ್ನೂ ಬಿಡಲಾಯಿತು. ಜೂನ್ 11ರಂದು ಗವರ್ನರ್ ಜಾರ್ಜ್ ವಾಲೆಸ್, ಇಬ್ಬರು ಕಪ್ಪುವರ್ಣೀಯ ವಿದ್ಯಾರ್ಥಿಗಳನ್ನು ತಡೆಯಲು ಅಲಬಾಮಾ ವಿಶ್ವವಿದ್ಯಾಲಯದ ಬಾಗಿಲಲ್ಲಿ ನಿಂತು ಕೊನೆಗೆ ಪಕ್ಕಕ್ಕೆ ಸರಿದರು. ಸೆಪ್ಟೆಂಬರ್ 15ರಂದು ಹದಿನಾರನೇ ಬೀದಿಯ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಸಿಡಿದ ಬಾಂಬಿಗೆ ನಾಲ್ವರು ಬಾಲಕಿಯರು ಬಲಿಯಾದರು. ಅಪರಾಧಿಗಳಿಗೆ ಶಿಕ್ಷೆಯಾದದ್ದು 1977, 2001 ಮತ್ತು 2002ರಲ್ಲಿ. ನಾಲ್ಕು ಕುಟುಂಬಗಳು ಎಷ್ಟು ಕಾಲ ಕಾಯಬೇಕಾಯಿತೆಂದು ಲೆಕ್ಕ ಹಾಕಿದರೆ ಮನಸ್ಸು ಭಾರವಾಗುತ್ತದೆ.

ಸೆಲ್ಮಾದಲ್ಲಿ ನಿಧಾನವಾಗಿ ನಿಲ್ಲಬೇಕು. ಅದು ಡಲ್ಲಾಸ್ ಕೌಂಟಿಯ ಕೇಂದ್ರ. ಅಲ್ಲಿ ಅರ್ಹರಾದ ಸುಮಾರು 15,000 ಕಪ್ಪುವರ್ಣೀಯರಲ್ಲಿ ಮತದಾರರ ಪಟ್ಟಿ ಸೇರಿದ್ದವರು 300ರ ಆಸುಪಾಸು. ನೋಂದಣಿ ಕಚೇರಿ ತೆರೆಯುತ್ತಿದ್ದುದು ತಿಂಗಳಿಗೆ ಎರಡು ದಿನ, ಪರೀಕ್ಷೆಯಲ್ಲಿ ಪಾಸು ಮಾಡುವುದು ಬಿಡುವುದು ಅಧಿಕಾರಿಯ ಇಚ್ಛೆ. 1965ರ ಫೆಬ್ರುವರಿಯಲ್ಲಿ ಹತ್ತಿರದ ಮೇರಿಯನ್ ಊರಿನಲ್ಲಿ ಜಿಮ್ಮಿ ಲೀ ಜಾಕ್ಸನ್ ಎಂಬ ಯುವಕ ರಾಜ್ಯ ಪೊಲೀಸನ ಗುಂಡೇಟಿಗೆ ಸತ್ತ ಮೇಲೆ, ರಾಜಧಾನಿ ಮಾಂಟ್ಗೊಮರಿಯವರೆಗೆ ನಡೆದು ಹೋಗುವ ನಿರ್ಧಾರವಾಯಿತು. ಮಾರ್ಚ್ 7ರಂದು ಸುಮಾರು 600 ಮಂದಿ ಎಡ್ಮಂಡ್ ಪೆಟಸ್ ಸೇತುವೆ ದಾಟುತ್ತಿದ್ದಂತೆ ಪೊಲೀಸರು ಲಾಠಿ, ಅಶ್ರುವಾಯುಗಳೊಂದಿಗೆ ಅವರ ಮೇಲೆ ಬಿದ್ದರು. ಮುಂದಿನ ಸಾಲಿನಲ್ಲಿದ್ದ ಯುವ ಹೋರಾಟಗಾರ ಜಾನ್ ಲೂಯಿಸ್ ಅವರ ತಲೆಬುರುಡೆ ಬಿರುಕು ಬಿಟ್ಟಿತು. ಇಲ್ಲಿಯೂ ನ್ಯಾಯಾಲಯದ ಪಾತ್ರವಿದೆ. ಅನ್ಯಾಯ ಎಷ್ಟು ದೊಡ್ಡದೋ ಪ್ರತಿಭಟನೆಯ ಹಕ್ಕೂ ಅಷ್ಟು ವಿಸ್ತಾರವಾಗಿರಬೇಕೆಂದು ತರ್ಕಿಸಿ ನ್ಯಾಯಾಧೀಶ ಫ್ರ್ಯಾಂಕ್ ಜಾನ್ಸನ್ ಮೆರವಣಿಗೆಗೆ ಅನುಮತಿ ನೀಡಿದರು. ಹೆದ್ದಾರಿ ಕಿರಿದಾಗಿರುವ ಕಡೆ 300 ಮಂದಿ ಮಾತ್ರ ನಡೆಯಬೇಕೆಂಬ ಷರತ್ತಿತ್ತು. ಮಾರ್ಚ್ 21ರಂದು ಹೊರಟವರು 54 ಮೈಲಿ ನಡೆದು 25ರಂದು ರಾಜಧಾನಿ ಮುಟ್ಟುವಾಗ ಜನಸಮೂಹ ಸುಮಾರು 25,000ಕ್ಕೆ ಏರಿತ್ತು. ಆಗಸ್ಟ್ 6ರಂದು ಮತದಾನ ಹಕ್ಕುಗಳ ಕಾಯ್ದೆಗೆ ಅಧ್ಯಕ್ಷ ಲಿಂಡನ್ ಜಾನ್ಸನ್ ಸಹಿ ಹಾಕಿದರು. ಸೆಲ್ಮಾದಲ್ಲಿ ಹೋರಾಟಗಾರರನ್ನು ಹೊಡೆಸಿದ್ದ ಷೆರಿಫ್ (ಕೌಂಟಿಯ ಚುನಾಯಿತ ಪೊಲೀಸ್ ಮುಖ್ಯಸ್ಥ) ಜಿಮ್ ಕ್ಲಾರ್ಕ್ ಮರುವರ್ಷವೇ ಚುನಾವಣೆಯಲ್ಲಿ ಸೋತರು.

ಆ ಕಾಯ್ದೆಯ ಜೀವಾಳ ಪೂರ್ವಾನುಮತಿ. ತಾರತಮ್ಯದ ಇತಿಹಾಸವಿದ್ದ ರಾಜ್ಯಗಳು ಚುನಾವಣಾ ನಿಯಮ ಬದಲಿಸುವ ಮೊದಲು ಫೆಡರಲ್ ಸರ್ಕಾರದ ಅಥವಾ ನ್ಯಾಯಾಲಯದ ಒಪ್ಪಿಗೆ ಪಡೆಯಬೇಕಿತ್ತು. ಅಂಥ ರಾಜ್ಯಗಳನ್ನು ಗುರುತಿಸುವ ಸೂತ್ರವನ್ನು 2013ರಲ್ಲಿ ಸರ್ವೋಚ್ಚ ನ್ಯಾಯಾಲಯ ರದ್ದುಪಡಿಸಿತು, ಆ ದಾವೆ ಹೂಡಿದ್ದು ಅಲಬಾಮಾದ್ದೇ ಆದ ಶೆಲ್ಬಿ ಕೌಂಟಿ. ಸೂತ್ರವಿಲ್ಲದೆ ಪೂರ್ವಾನುಮತಿಯೂ ನಿಂತುಹೋಯಿತು. ನಂತರದ ದೊಡ್ಡ ಪ್ರಕರಣ 2023ರ ಆಲನ್ ವಿರುದ್ಧ ಮಿಲಿಗನ್. ಜನಸಂಖ್ಯೆಯ ಕಾಲು ಭಾಗಕ್ಕೂ ಹೆಚ್ಚು ಕಪ್ಪುವರ್ಣೀಯರಿರುವ ರಾಜ್ಯದ ಅಮೆರಿಕ ಸಂಸತ್ತಿನ ಕೆಳಮನೆಗೆ ಸದಸ್ಯರನ್ನು ಆರಿಸುವ ಏಳು ಕ್ಷೇತ್ರಗಳಲ್ಲಿ ಒಂದರಲ್ಲಿ ಮಾತ್ರ ಅವರಿಗೆ ಬಹುಮತವಿದ್ದ ನಕ್ಷೆಯನ್ನು ಕೆಳ ನ್ಯಾಯಾಲಯ ತಡೆದಿತ್ತು, ಸರ್ವೋಚ್ಚ ನ್ಯಾಯಾಲಯ ಐದು–ನಾಲ್ಕರ ಬಹುಮತದಿಂದ ಆ ತಡೆಯನ್ನು ಸಮರ್ಥಿಸಿತು. ಶಾಸಕಾಂಗ ಮತ್ತೆ ರಚಿಸಿದ ನಕ್ಷೆಯೂ ಸಾಲದೆಂದು ಕಂಡು ನ್ಯಾಯಾಲಯವೇ ಹೊಸ ನಕ್ಷೆಯನ್ನು ಮಾಡಿಸಿತು. ಅದರ ಪ್ರಕಾರ 2024ರಲ್ಲಿ ನಡೆದ ಚುನಾವಣೆಯಲ್ಲಿ ಎರಡನೇ ಕ್ಷೇತ್ರದಿಂದ ಕಪ್ಪುವರ್ಣೀಯ ಅಭ್ಯರ್ಥಿ ಶೊಮಾರಿ ಫಿಗರ್ಸ್ ಗೆದ್ದರು. ಮಾಂಟ್ಗೊಮರಿ ನಗರ ಆ ಕ್ಷೇತ್ರದಲ್ಲಿತ್ತು, 28 ಬದಿಗಳ ಗೆರೆ ಎಳೆಸಿಕೊಂಡಿದ್ದ ಟಸ್ಕೀಗಿಯೂ ಅದರಲ್ಲಿತ್ತು.